ಗೇರುಬೀಜಕ್ಕೆಂದು ನೈಜೀರಿಯಾಕ್ಕೆ ಹೊರಟವರಿಗೆ, ಅದಕ್ಕಿಂತ ಹೆಚ್ಚಾಗಿ ಕಳಿಸುವವರಿಗೆ

ಕುಮಟಾ, ಹೊನ್ನಾವರ, ಅಂಕೋಲಾದ ಗೇರು ಕಾರ್ಖಾನೆಗಳು ಊರಿನ ಬೀಜವನ್ನಷ್ಟೇ ನಂಬಿ ವರ್ಷವಿಡೀ ನಡೆಯುವುದಿಲ್ಲ. ಆಫ್ರಿಕಾದ ಬೀಜ ಬೇಕು. ಫೆಬ್ರುವರಿ ಹೊತ್ತಿಗೆ ನೈಜೀರಿಯಾದ ಫಸಲು ಶುರುವಾಯಿತೆಂದರೆ ಮಾಲು ನೋಡಲು ಲಾಗೋಸಿಗೆ ಹೋಗುವ ಮಾತು ಬರುತ್ತದೆ. ದುಡ್ಡಿಗಾಗಿ ಮನುಷ್ಯರನ್ನು ಎತ್ತಿಕೊಂಡು ಹೋಗುವುದೇ ಕೆಲವರಿಗೆ ದಂಧೆಯಾಗಿರುವ ದೇಶ ಅದು. ಹೋಗಲೇಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಬೀಜದ ದರಕ್ಕೆ ನಾಲ್ಕು ದಿನ ತಲೆ ಕೆಡಿಸಿಕೊಳ್ಳುವ ಮಾಲೀಕರು, ತಾವು ಕಳಿಸುವ ಹುಡುಗ ಎಷ್ಟು ಹೊತ್ತಿಗೆ ಯಾವ ರಸ್ತೆಯಲ್ಲಿರುತ್ತಾನೆ ಅಂತ ಅರ್ಧ ಗಂಟೆ ಕೂತು ಯೋಚಿಸದಿದ್ದರೆ ಅದು ದೊಡ್ಡ ತಪ್ಪು.

ಒಳನಾಡಿನ ತನಕ ಹೋಗಲೇಬೇಕಾ ಅಂತ ಮೊದಲು ಕೇಳಿಕೊಳ್ಳಿ. ಬೀಜದ ಗುಣ ಗೊತ್ತಾಗುವುದು ಕತ್ತರಿಸಿದಾಗ. ಬೇರೆ ಬೇರೆ ಮೂಟೆಗಳಿಂದ ತೆಗೆದ ಮಾದರಿಯನ್ನು ಬೆರೆಸಿ, ಒಂದು ಕಿಲೋ ತೂಗಿ, ಎಣಿಸಿ, ಒಂದೊಂದೇ ಕತ್ತರಿಸಿ, ಒಳ್ಳೆಯ ತಿರುಳು, ಕಲೆ ಬಿದ್ದದ್ದು, ಹುಳುಕು ಬೇರೆ ಬೇರೆ ಗುಡ್ಡೆ ಹಾಕಿ, 80 ಕಿಲೋ ಮೂಟೆಗೆ ಎಷ್ಟು ಪೌಂಡ್ ತಿರುಳು ಬೀಳುತ್ತದೆ ಅಂತ ಲೆಕ್ಕ ಹಾಕಬೇಕು. ತಕ್ಕಡಿ, ಕತ್ತರಿ, ತೇವಾಂಶದ ಮೀಟರ್ ಇದ್ದರೆ ಲಾಗೋಸಿನ ಗೋದಾಮಿನಲ್ಲೇ ಆಗುವ ಕೆಲಸ. ಸ್ವತಂತ್ರ ತಪಾಸಣಾ ಕಂಪನಿಗೆ ಕೊಟ್ಟರೆ ನೀವು ಹೋಗದೆಯೂ ಆಗುತ್ತದೆ.

"ಮಾಲು ಹಳ್ಳಿಯಲ್ಲಿದೆ, ನೀವೇ ಬಂದು ನೋಡಿ, ದರ ಮಾರುಕಟ್ಟೆಗಿಂತ ಕಡಿಮೆ" ಎಂಬ ಕರೆ ಬಂದರೆ ಅಲ್ಲೇ ನಿಲ್ಲಿ. ಮುಂಗಡ ಹಣ ಹೊಡೆಯುವ ಮೋಸಕ್ಕೆ ಆ ದೇಶದ ದಂಡಸಂಹಿತೆಯ ಕಲಮಿನ ಹೆಸರಲ್ಲೇ 419 ಅಂತ ಕರೆಯುತ್ತಾರೆ. ಕಂಪನಿಯ ಹೆಸರನ್ನು ಅಲ್ಲಿನ ಕಾರ್ಪೊರೇಟ್ ಅಫೇರ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಿ. ಹೆಸರು ಸಿಕ್ಕಿದರೂ ಪ್ರಾಮಾಣಿಕರು ಅಂತಲ್ಲ. ಸಿಗದಿದ್ದರೆ ಮಾತ್ರ ಮಾತುಕತೆ ಅಲ್ಲಿಗೆ ಮುಗಿಯಿತು. ಹಣ ಬ್ಯಾಂಕಿನ ಎಲ್‌ಸಿ (ಮಾಲು ಸಾಗಿಸಿದ ಕಾಗದಪತ್ರ ತೋರಿಸಿದ ಮೇಲಷ್ಟೇ ಹಣ ಕೊಡುವ ಬ್ಯಾಂಕಿನ ಭರವಸೆ ಪತ್ರ) ಮೂಲಕವೇ ಹೋಗಲಿ. ಕಿಸೆಯಲ್ಲಿ ನೋಟಿನ ಕಟ್ಟು ಇಟ್ಟುಕೊಂಡು ಖರೀದಿಗೆ ಹೋಗುವವರೇ ಮೊದಲು ಕಣ್ಣಿಗೆ ಬೀಳುವುದು. ಹೇಗೂ ಇಲ್ಲಿಂದ ನಗದಾಗಿ ಒಯ್ಯಬಹುದಾದದ್ದು 3,000 ಡಾಲರ್ ಮಾತ್ರ.

ಹೋಗಲೇಬೇಕಾದರೆ ರಸ್ತೆಯ ಲೆಕ್ಕವೇ ಮುಖ್ಯ. ಗೇರಿನ ಊರಾದ ಒಗ್ಬೊಮೊಶೊ ಲಾಗೋಸಿನಿಂದ ಇಬಾದಾನ್ ಮೇಲೆ ಸುಮಾರು 230 ಕಿ.ಮೀ. ಕಾರವಾರದಿಂದ ಭಟ್ಕಳಕ್ಕೆ ಹೋಗಿಬರುವುದಕ್ಕಿಂತ ಕಡಿಮೆಯಲ್ಲವೇ ಅಂದುಕೊಂಡು ಒಂದೇ ದಿನದಲ್ಲಿ ಹೋಗಿ ಮಾಲು ನೋಡಿ ಬರುವ ಯೋಜನೆ ಹಾಕಬೇಡಿ. ಲಾಗೋಸ್ ದಾಟುವುದಕ್ಕೇ ಕೆಲವೊಮ್ಮೆ ಎರಡು ಮೂರು ಗಂಟೆ ಬೇಕು. ಅಲ್ಲಿ ವರ್ಷವಿಡೀ ಸಂಜೆ ಏಳರ ಆಸುಪಾಸಿನಲ್ಲೇ ಕತ್ತಲಾಗುತ್ತದೆ. ಐದಕ್ಕೆ ಹೋಟೆಲ್ ಒಳಗಿರಬೇಕು ಅಂತ ಇಟ್ಟುಕೊಂಡು ಹಿಂದಕ್ಕೆ ಎಣಿಸಿ. ಮಧ್ಯಾಹ್ನ ಎರಡಾದರೂ ಮಾಲು ಸಿಗದಿದ್ದರೆ ಹಿಂದಿರುಗುವುದು. ಈ ಹೊತ್ತನ್ನು ಮಾಲೀಕರೇ ಬರೆದು ಕೊಡಬೇಕು. ಇಲ್ಲವಾದರೆ "ಇನ್ನೊಂದೇ ಗೋದಾಮು" ಅಂತ ಹುಡುಗ ಕತ್ತಲಿಗೆ ಸಿಕ್ಕಿಬೀಳುತ್ತಾನೆ, ಬರಿಗೈಲಿ ಬಂದರೆ ಬೈಯುತ್ತಾರೆ ಎಂಬ ಹೆದರಿಕೆಗೆ.

ವಿಮಾನ ನಿಲ್ದಾಣದಲ್ಲಿ ಹೆಸರಿನ ಬೋರ್ಡು ಬೇಡ. ಅದನ್ನು ನೋಡಿ ಅದೇ ಹೆಸರು ಬರೆದುಕೊಂಡು ಇನ್ನೊಬ್ಬ ನಿಲ್ಲುವುದು ಹಳೆಯ ಉಪಾಯ. ಚಾಲಕನ ಫೋಟೋ, ಕಾರಿನ ನಂಬರು ಮೊದಲೇ ಹೋಟೆಲಿನಿಂದ ತರಿಸಿಕೊಳ್ಳಿ. ಒಂದು ಗುಟ್ಟಿನ ಪದವನ್ನೂ ಗೊತ್ತುಮಾಡಿಕೊಳ್ಳಿ. ಆ ಪದ ಅವನ ಬಾಯಿಂದ ಬರಬೇಕು, ನೀವು ಹೇಳಿಕೊಡಬಾರದು. ಕೋಣೆ ಎರಡರಿಂದ ಆರನೇ ಮಹಡಿಯೊಳಗಿರಲಿ. ನೆಲಮಹಡಿಗೆ ಹೊರಗಿನವರು ಸುಲಭವಾಗಿ ನುಗ್ಗುತ್ತಾರೆ, ತೀರಾ ಮೇಲಿದ್ದರೆ ಬೆಂಕಿ ಬಿದ್ದಾಗ ಏಣಿ ಎಟುಕುವುದಿಲ್ಲ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಫೋಟೋ ಹಾಕುವುದು ಊರಿಗೆ ಬಂದ ಮೇಲೆ.

ದಿನಕ್ಕೆ ಎರಡು ಬಾರಿ ಗೊತ್ತಾದ ಹೊತ್ತಿಗೆ ಮನೆಗೋ ಕಾರ್ಖಾನೆಗೋ ಸುದ್ದಿ ಮುಟ್ಟಬೇಕು. ಅಲ್ಲಿಯ ಸಂಜೆ ಆರು ಅಂದರೆ ನಮಗೆ ರಾತ್ರಿ ಹತ್ತೂವರೆ. ಆ ಹೊತ್ತಿಗೆ ಎಚ್ಚರವಿರುವ ಒಬ್ಬರನ್ನು ಹೆಸರು ಹಿಡಿದು ನೇಮಿಸಿ. ಒಂದು ಗಂಟೆ ತಡವಾದರೆ ಹೋಟೆಲಿಗೆ, ಆಮೇಲೆ ಚಾಲಕನಿಗೆ, ಆಮೇಲೆ ಅಬುಜಾದ ಭಾರತೀಯ ಹೈಕಮಿಷನ್ನಿಗೆ ಫೋನು. ನಂಬರುಗಳು ಗೋಡೆಯ ಮೇಲಿರಲಿ.

ಹಳದಿ ಜ್ವರದ ಲಸಿಕೆ ಊರಿನ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಕ್ಕೇ ಹೋಗಬೇಕು. ಕಾರವಾರದವರಿಗೆ ಗೋವಾದ ಮುರ್ಗಾಂವ್ ಬಂದರಿನ ಆರೋಗ್ಯ ಕಚೇರಿ ಹತ್ತಿರ. ಲಸಿಕೆಯ ಕಾರ್ಡು ಊರ್ಜಿತವಾಗುವುದು ಚುಚ್ಚಿಸಿಕೊಂಡು ಹತ್ತು ದಿನದ ಮೇಲೆ. ಇಲ್ಲದೆ ಹೋಗಿ ಬಂದರೆ ಇಳಿದಲ್ಲೇ ಆರು ದಿನದವರೆಗೆ ಕೂಡಿಹಾಕಬಹುದು.

ಮಲೇರಿಯಾಕ್ಕೆ ಹೀಗೆ ಹೋಗಿಬರುವವರಿಗೆ ಲಸಿಕೆ ಇಲ್ಲ, ಮಾತ್ರೆ ಬೇಕು. ವೈದ್ಯರು ಅಟೊವಾಕ್ವೋನ್-ಪ್ರೋಗ್ವಾನಿಲ್ ಕೊಟ್ಟರೆ ಹೊರಡುವ ಒಂದೆರಡು ದಿನ ಮೊದಲು ಶುರು, ಬಂದ ಮೇಲೂ ಏಳು ದಿನ. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೆ ನಾಲ್ಕು ವಾರ. ಮನೆಗೆ ಬಂದೆವಲ್ಲ ಅಂತ ಉಳಿದ ಮಾತ್ರೆ ಬಿಡುವುದೇ ಇಲ್ಲಿ ಆಗುವ ತಪ್ಪು.

ಫೆಬ್ರುವರಿಯಿಂದ ಮೇ ಅಂದರೆ ಶಿರಸಿ, ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಕಾಲವೂ ಹೌದು. ಜ್ವರ ಬಂದರೆ ವೈದ್ಯರ ಮನಸ್ಸು ಮೊದಲು ಅತ್ತ ಹೋಗುವುದು ಸಹಜ. ಬಂದ ಮೂರು ತಿಂಗಳೊಳಗೆ ಯಾವ ಜ್ವರ ಬಂದರೂ "ನೈಜೀರಿಯಾದಿಂದ ಬಂದಿದ್ದೇನೆ, ಮಲೇರಿಯಾಕ್ಕೆ ರಕ್ತ ನೋಡಿ" ಅಂತ ನೀವೇ ಬಾಯಿಬಿಟ್ಟು ಹೇಳಿ. ಮೊದಲ ಸಲ ಏನೂ ಇಲ್ಲ ಅಂತ ಬಂದರೂ 12ರಿಂದ 24 ಗಂಟೆಯೊಳಗೆ ಇನ್ನೊಮ್ಮೆ ನೋಡಿಸಿ.