ಭಾರತದೊಂದಿಗಿನ 1950ರ ಶಾಂತಿ ಮತ್ತು ಮೈತ್ರಿ ಒಪ್ಪಂದದಿಂದ ನೇಪಾಳ ಹೊರಬರಬೇಕೆ?

ಪರ: ಹೊರಬರಲೇಬೇಕು

2015ರ ನವೆಂಬರಿನಲ್ಲಿ ಪಶುಪತಿನಾಥನ ದರ್ಶನಕ್ಕೆಂದು ಕಠ್ಮಂಡುವಿಗೆ ಹೋಗಿದ್ದೆವು. ನಾವು ಉಳಿದಿದ್ದ ಲಾಡ್ಜಿನ ಯಜಮಾನಿ ತಾರಸಿಯ ಮೇಲೆ ಮೂರು ಇಟ್ಟಿಗೆ ಹೂಡಿ, ಭೂಕಂಪದಲ್ಲಿ ಮುರಿದ ಕಿಟಕಿಯ ಚೌಕಟ್ಟನ್ನೇ ಸೌದೆ ಮಾಡಿಕೊಂಡು ಅನ್ನ ಬೇಯಿಸುತ್ತಿದ್ದರು. ಗ್ಯಾಸ್ ಇರಲಿಲ್ಲ. ಕೆಳಗಿನ ಬೀದಿಯಲ್ಲಿ ಖಾಲಿ ಸಿಲಿಂಡರುಗಳನ್ನು ಸರಪಳಿಯಲ್ಲಿ ಬಿಗಿದು ಸಾಲಿಗಿಟ್ಟಿದ್ದರು. ಏಪ್ರಿಲ್‌ನಲ್ಲಿ ಸುಮಾರು ಒಂಬತ್ತು ಸಾವಿರ ಜನರನ್ನು ಕಳೆದುಕೊಂಡ ದೇಶಕ್ಕೆ ಸೆಪ್ಟೆಂಬರಿನಿಂದ ಭಾರತದ ಕಡೆಯಿಂದ ಇಂಧನದ ಲಾರಿಗಳು ಬರುವುದು ನಿಂತಿತ್ತು. ‘ನೀವು ಇಂಡಿಯಾದವರಾ?’ ಎಂದು ಆಕೆ ಕೇಳಿದರು. ಹೌದೆಂದೆ. ತಟ್ಟೆಗೆ ಇನ್ನೊಂದು ಸೌಟು ದಾಲ್ ಬಡಿಸಿ ಸುಮ್ಮನಾದರು. ಆ ತುತ್ತು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ನೆರೆಮನೆಯವನ ಒಲೆ ಆರಿಸಬಲ್ಲ ಸಂಬಂಧಕ್ಕೆ ‘ಶಾಂತಿ ಮತ್ತು ಮೈತ್ರಿ ಒಪ್ಪಂದ’ ಎನ್ನುವುದು ಹೇಗೆ? 1950ರ ಜುಲೈ 31ರಂದು ನೇಪಾಳದ ಪರ ಸಹಿ ಹಾಕಿದವರು ಪ್ರಧಾನಿ ಮೋಹನ ಶಂಶೇರ್ ರಾಣಾ, ಭಾರತದ ಪರ ಸಹಿ ಹಾಕಿದವರು ರಾಯಭಾರಿ. ಸರಿಸಮಾನರ ಕರಾರಿಗೆ ಹೀಗೆ ಸಹಿ ಬೀಳುತ್ತದೆಯೇ? ಏಳು ತಿಂಗಳೊಳಗೆ, ವಂಶಪಾರಂಪರ್ಯವಾಗಿ ಪ್ರಧಾನಿಗಳಾಗುತ್ತಿದ್ದ ರಾಣಾಗಳ ಆಳ್ವಿಕೆಯೇ ಮುಗಿಯಿತು. ಪ್ರಜೆಗಳು ಆರಿಸದವರು ಮಾಡಿದ ಕರಾರು ಇಂದಿಗೂ ಪ್ರಜೆಗಳ ಹೆಗಲ ಮೇಲಿದೆ. ಆಯುಧ ತರಿಸುವುದಕ್ಕೂ ಭಾರತದ ಮುಖ ನೋಡಬೇಕು. ಚೀನಾದಿಂದ ಆಯುಧ ಕೊಂಡ ಮರುವರ್ಷ, 1989ರಲ್ಲಿ, ಎರಡನ್ನು ಬಿಟ್ಟು ಉಳಿದ ಸಾಗಣೆ ದಾರಿಗಳನ್ನೆಲ್ಲ ಭಾರತ ಮುಚ್ಚಿತು.

ಭೂತಾನಿನ 1949ರ ಒಪ್ಪಂದವನ್ನು 2007ರಲ್ಲಿ ತಿದ್ದಿದರು. ನೇಪಾಳದ ವಿಷಯದಲ್ಲಿ ಮಾತ್ರ, ಎರಡೂ ಕಡೆಯ ಹಿರಿಯರು ಕೂತು 2018ರಲ್ಲಿ ಸಿದ್ಧಪಡಿಸಿದ ವರದಿಯನ್ನು ಕೈಗೆತ್ತಿಕೊಳ್ಳುವವರೇ ಇಲ್ಲ. ಇನ್ನೆಷ್ಟು ಕಾಯಬೇಕು? ಒಂದು ವರ್ಷದ ನೋಟಿಸು ಕೊಟ್ಟು ಹೊರಬರಲು ಹತ್ತನೇ ಕಲಮೇ ದಾರಿ ಕೊಟ್ಟಿದೆ. ಗಡಿಯಲ್ಲಿ ಬೇಲಿ ಬೀಳುತ್ತದೆ ಎಂದು ಹೆದರಿಸುವವರು ಸದಾ ಇರುತ್ತಾರೆ. ಸ್ವಾತಂತ್ರ್ಯ ಕೇಳಿದವರಿಗೆಲ್ಲ ಅದೇ ಹೆದರಿಕೆ ತೋರಿಸಲಾಗಿದೆ.

ವಿರೋಧ: ತಿದ್ದಲಿ, ಬಿಡುವುದು ಬೇಡ

ಈ ಪಕ್ಷ ವಹಿಸಿ ಬರೆಯಿರಿ ಎಂದು ನನ್ನನ್ನು ಕೇಳಿದ್ದಾರೆ. ಆಯುಧದ ಕಲಮು ಹೋಗಲಿ ಎಂಬುದಕ್ಕೆ ನನ್ನ ತಕರಾರಿಲ್ಲ. 2015ರದ್ದು ನೋವಿನ ಸಂಗತಿಯೇ. ಆದರೆ ಅದು ನೇಪಾಳದ ಹೊಸ ಸಂವಿಧಾನದ ವಿರುದ್ಧ, ಅಲ್ಲಿನ ದಕ್ಷಿಣದ ಬಯಲಿನವರಾದ ಮಧೇಶಿಗಳು ಗಡಿಯಲ್ಲಿ ಕೂತ ಕಾಲದ ಮಾತು. ಅದನ್ನು ಈ ಒಪ್ಪಂದದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಒಪ್ಪಂದದ ಏಳನೇ ಕಲಮು ಎರಡೂ ದೇಶದವರಿಗೆ ಆಚೆ ಈಚೆ ನೆಲೆಸುವ, ಆಸ್ತಿ ಮಾಡುವ, ವ್ಯಾಪಾರ ಮಾಡುವ, ಓಡಾಡುವ ಹಕ್ಕು ಕೊಡುತ್ತದೆ. ಬೆಂಗಳೂರಿನ ನಮ್ಮ ಬೀದಿಯ ರಾತ್ರಿ ಕಾವಲುಗಾರ ನೇಪಾಳದ ಅಛಾಮ್ ಜಿಲ್ಲೆಯವನು. ಬನ್‌ಬಸಾದ ಹತ್ತಿರ ಸೇತುವೆಯ ಮೇಲೆ ನಡೆದೇ ಗಡಿ ದಾಟಿ ಬಂದವನು. ಹನ್ನೊಂದು ವರ್ಷದಿಂದ ಇಲ್ಲಿದ್ದಾನೆ, ಮಗಳು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ‘ಪಾಸ್‌ಪೋರ್ಟು, ವೀಸಾ ಅಂತಿದ್ರೆ ನಾನು ಊರಲ್ಲೇ ಸಾಲದಲ್ಲಿ ಸಾಯ್ತಿದ್ದೆ ಸರ್’ ಎಂದ. ದಸರೆಗೆ ಊರಿಗೆ ಹೊರಟರೆ ಚೀಲದಲ್ಲಿ ಕುಕ್ಕರು, ಕಂಬಳಿ, ಅಮ್ಮನ ಬಿಪಿ ಮಾತ್ರೆ. ಕಳೆದ ಸಲ ಮಗಳು ಅಜ್ಜಿಗೆ ತೋರಿಸಬೇಕೆಂದು ತನ್ನ ಕನ್ನಡ ಕಾಪಿಪುಸ್ತಕವನ್ನೂ ಅದೇ ಚೀಲಕ್ಕೆ ತುರುಕಿದ್ದಳು.