ಸತ್ಯಾಂಶ: ಪ್ರೋಬ್ ಎಲ್ಲಿಟ್ಟರೂ ಸಿಗ್ನಲ್ ಒಂದೇ ಅಲ್ಲ

ದಾವಣಗೆರೆಯ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಮೆಮೊರಿ ಲೈನಿನ ಮೇಲೆ ಎಲ್ಲಾದರೂ ಪ್ರೋಬ್ ಇಡಿ, ಸಿಗ್ನಲ್ ಒಂದೇ. ಐ ಡಯಾಗ್ರಾಂ ಮುಚ್ಚಿದ್ದರೆ ಬೋರ್ಡ್ ಕೆಟ್ಟಿದೆ." ಎರಡೂ ಮಾತು ತಪ್ಪು. (ಪ್ರೋಬ್ ಎಂದರೆ ಸಿಗ್ನಲ್ ತೋರಿಸುವ ಉಪಕರಣವಾದ ಆಸಿಲ್ಲೋಸ್ಕೋಪ್‌ನ, ಅಂದರೆ ಸ್ಕೋಪ್‌ನ, ಅಳೆಯುವ ಮೊನೆ. ಐ ಡಯಾಗ್ರಾಂ ಎಂದರೆ ಹಲವು ಬಿಟ್‌ಗಳ ಅಲೆಗಳನ್ನು ಒಂದರ ಮೇಲೊಂದು ಇಟ್ಟಾಗ ಕಾಣುವ ಕಣ್ಣಿನಾಕಾರದ ಚಿತ್ರ; ಕಣ್ಣು ತೆರೆದಿದ್ದರೆ 0 ಮತ್ತು 1 ಸ್ಪಷ್ಟ.)

ನಿಧಾನದ ಸಿಗ್ನಲ್ ಆಗಿದ್ದರೆ ಮೊದಲ ಮಾತು ನಡೆಯುತ್ತಿತ್ತು. ಆದರೆ ಡಿಡಿಆರ್4-3200 ಎಂಬ ವೇಗದ ಮೆಮೊರಿಯಲ್ಲಿ ಒಂದು ಬಿಟ್‌ಗೆ ಸಿಗುವುದು 312.5 ಪಿಕೋಸೆಕೆಂಡ್ (ಸಾವಿರ ಪಿಕೋಸೆಕೆಂಡ್ ಸೇರಿದರೆ ಒಂದು ನ್ಯಾನೋಸೆಕೆಂಡ್) ಅಷ್ಟೇ. ಸಾಮಾನ್ಯ ಬೋರ್ಡಿನಲ್ಲಿ ಸಿಗ್ನಲ್ ನ್ಯಾನೋಸೆಕೆಂಡಿಗೆ ಸುಮಾರು 15 ಸೆಂ.ಮೀ. ಸಾಗುತ್ತದೆ. ಚಿಪ್‌ಗಿಂತ 3 ಸೆಂ.ಮೀ. ಹಿಂದೆ ಪ್ರೋಬ್ ಇಟ್ಟಿರೆನ್ನಿ. ಚಿಪ್‌ಗೆ ತಾಗಿ ಮರಳುವ ಅಲೆ ಸುಮಾರು 400 ಪಿಕೋಸೆಕೆಂಡ್ ತಡವಾಗಿ ಬಂದು ಮುಂದಿನ ಬಿಟ್‌ಗಳ ಮೇಲೆ ಕೂರುತ್ತದೆ. ಸ್ಕೋಪ್ ಪರದೆಯಲ್ಲಿ ಮೆಟ್ಟಿಲು, ಗುಳಿ ಕಾಣುತ್ತವೆ. ಚಿಪ್‌ಗೆ ತಲುಪಿದ ಸಿಗ್ನಲ್‌ನಲ್ಲಿ ಅವು ಇಲ್ಲದೆಯೂ ಇರಬಹುದು!

ಭದ್ರಾ ನಾಲೆಯ ಕೊನೆಭಾಗದ ರೈತರನ್ನು ಕೇಳಿ. ನೀರು ಎಷ್ಟು ಬಂತೆಂದು ನೋಡಬೇಕಾದದ್ದು ಗದ್ದೆಯ ಬದುವಿನಲ್ಲಿ, ನಡುದಾರಿಯಲ್ಲಲ್ಲ. ಇಲ್ಲೂ ಹಾಗೆಯೇ: ಸಿಗ್ನಲ್ ಪಡೆಯುವ ತುದಿಯಲ್ಲೇ ಅಳೆಯಬೇಕು. ಮೆಮೊರಿಗೆ ಬರೆಯುವಾಗ ಮೆಮೊರಿ ಚಿಪ್‌ನ ಬಾಲ್ (ಚಿಪ್ಪನ್ನು ಬೋರ್ಡಿಗೆ ಜೋಡಿಸುವ ಬೆಸುಗೆಯ ಗುಂಡು) ಹತ್ತಿರ, ಅದರಿಂದ ಓದುವಾಗ ಮೆಮೊರಿಯನ್ನು ನಡೆಸುವ ಕಂಟ್ರೋಲರ್ ಚಿಪ್ ಹತ್ತಿರ. ಬಾಲ್ ಚಿಪ್‌ನಡಿ ಅಡಗಿರುವುದರಿಂದ ಬೋರ್ಡಿನ ಹಿಂಬದಿಯ ವಯಾ (ಪದರಗಳನ್ನು ಜೋಡಿಸುವ ಲೋಹದ ರಂಧ್ರ) ಹಿಡಿಯುತ್ತಾರೆ, ಇಲ್ಲವೇ ಚಿಪ್ ಕೆಳಗೆ ಇಂಟರ್‌ಪೋಸರ್ (ಪ್ರೋಬ್ ಇಡಲು ಜಾಗ ಕೊಡುವ ಪುಟ್ಟ ಬೋರ್ಡ್) ಕೂರಿಸುತ್ತಾರೆ. ಉಳಿದ ದೂರದ ಪರಿಣಾಮವನ್ನು ಡಿ-ಎಂಬೆಡಿಂಗ್ ಎಂಬ ಲೆಕ್ಕದಿಂದ ಕಳೆಯುತ್ತಾರೆ.

ಎರಡನೆಯ ಮಾತು ಇನ್ನೂ ಅಪಾಯ, ಒಳ್ಳೆಯ ಬೋರ್ಡನ್ನೇ ಕಸಕ್ಕೆ ಹಾಕಿಸುತ್ತದೆ. 2020ರಲ್ಲಿ ಬಂದ ಡಿಡಿಆರ್5 ಮಾನದಂಡದಲ್ಲಿ ಮೆಮೊರಿ ಚಿಪ್‌ನೊಳಗೇ ಡಿಎಫ್‌ಇ ಎಂಬ ಈಕ್ವಲೈಸರ್ (ಕೆಟ್ಟ ಸಿಗ್ನಲ್ ಸರಿಪಡಿಸುವ ಸರ್ಕ್ಯೂಟ್) ಇದೆ. ಹಿಂದಿನ ನಾಲ್ಕು ಬಿಟ್‌ಗಳು ಬಿಟ್ಟುಹೋದ ಕಲೆಯನ್ನು ಅದು ಅಳಿಸುತ್ತದೆ. ಹೊರಗೆ ಮುಚ್ಚಿಕೊಂಡಂತೆ ಕಂಡ ಐ ಒಳಗೆ ತೆರೆದಿರಬಹುದು. ಅದಕ್ಕೇ ಸ್ಕೋಪ್ ಸಾಫ್ಟ್‌ವೇರ್‌ನಲ್ಲಿ ಅದೇ ಡಿಎಫ್‌ಇ ಹಚ್ಚಿ, ಆಮೇಲೆ ಐ ನೋಡಿ.