ಕಬಡ್ಡಿ ಆಮೇಲೆ, ಮೊದ್ಲು ಸ್ಲೋ ಮೋಷನ್

ನಮ್ಮ ಯುವಕ ಮಂಡಲದ ಕಬಡ್ಡಿ ಟೀಮಿಗೆ ಈ ವರ್ಷ ಒಬ್ಬ ಕಂಟೆಂಟ್ ಹೆಡ್ ಬಂದಿದ್ದಾನೆ. ನಾನು ಹಿಂದೊಮ್ಮೆ ಇದೇ ಟೀಮಿನ ಲೆಫ್ಟ್ ಕಾರ್ನರ್, ಈಗ ಮೊಣಕಾಲು ಹೋಗಿ ಕೋಶಾಧಿಕಾರಿ, ಹಾಗಾಗಿ ವಿಷಯ ನನಗೆ ಗೊತ್ತಾದದ್ದು ಲೆಕ್ಕದ ಪುಸ್ತಕದಿಂದ. ಮೊದ್ಲೆಲ್ಲ ಅದ್ರಲ್ಲಿ ಮ್ಯಾಟ್ ಬಾಡಿಗೆ, ಜನರೇಟರಿಗೆ ಡೀಸೆಲ್, ಹುಡುಗರಿಗೆ ಮೊಟ್ಟೆ ಬಾಳೆಹಣ್ಣು ಅಂತ ಇರ್ತಿತ್ತು. ಈಗ "ಸಿನಿಮ್ಯಾಟಿಕ್" ಅಂತ ಒಂದು ಲೈನ್ ಬಂದಿದೆ, ಮೊಟ್ಟೆಯ ಲೈನ್ ಕಾಣ್ತಾ ಇಲ್ಲ.

ಶುರುವಾದದ್ದು ಅಧ್ಯಕ್ಷರಿಂದ. ಪಕ್ಕದೂರಿನ ಟೀಮಿನ ರೀಲ್ಸ್ ಯಾರೋ ಅವರಿಗೆ ತೋರಿಸಿದ್ದಾರೆ. ಮೀಟಿಂಗಲ್ಲಿ ಮೊಬೈಲ್ ಎತ್ತಿ ಹಿಡಿದು, "ಎಷ್ಟು ಲಕ್ಷ ವ್ಯೂಸ್ ನೋಡಿ ಮಾರಾಯ್ರೆ, ನಾವೆಂತ ಮಾಡ್ತಾ ಇದ್ದೇವೆ?" ಅಂದ್ರು. "ಅವರು ಕಪ್ ಗೆದ್ದಿದ್ದಾರಲ್ಲ ಅಧ್ಯಕ್ಷರೇ" ಅಂದೆ. "ಅದಿರ್ಲಿ, ವ್ಯೂಸಿನ ವಿಷಯ ಮಾತಾಡುವ."

ಮಾತಾಡಿದೆವು. ರಾತ್ರಿ ಹನ್ನೊಂದೂವರೆವರೆಗೆ. ಆ ವಾರ ಪ್ರಾಕ್ಟೀಸ್ ಆದದ್ದು ಒಟ್ಟು ಮುಕ್ಕಾಲು ಗಂಟೆ.

ಕ್ಯಾಮೆರಾಕ್ಕೆ ಬಂದವ ಒಳ್ಳೆ ಹುಡುಗ, ಮದುವೆ ಮೆಹಂದಿ ಎಲ್ಲ ಮಾಡಿ ಕೈ ಪಳಗಿದೆ, ಒಂದೇ ತೊಂದರೆ ಅಂದ್ರೆ ಅವನಿಗೆ ಪ್ರೀ ವೆಡ್ಡಿಂಗ್ ಬಿಟ್ಟು ಬೇರೆ ಶೂಟಿಂಗ್ ಗೊತ್ತಿಲ್ಲ. ಪಣಂಬೂರು ಬೀಚಲ್ಲಿ ಹೊತ್ತು ಮುಳುಗುವ ಸಮಯಕ್ಕೆ ಏಳೂ ಜನರನ್ನು ಸಾಲಾಗಿ ನಡೆಸಿದ. ಆಮೇಲೆ ನಮ್ಮ ರೈಡರನ್ನು, ಅವನು ಬೆಳಿಗ್ಗೆ ನಾಲ್ಕಕ್ಕೆ ದಕ್ಕೆಯಲ್ಲಿ ಮೀನಿನ ಬಾಕ್ಸ್ ಹೊರುವವ, ಡಿಫೆಂಡರ್ ಎದುರು ನಿಲ್ಲಿಸಿ, "ಒಬ್ಬರನ್ನೊಬ್ಬರು ನೋಡಿ, ನಿಧಾನ, ಈಗ ಸಣ್ಣ ಸ್ಮೈಲ್, ಹಾಂ, ಹತ್ತಿರ ಬನ್ನಿ" ಅಂದ. ಹಿಂದೆ ಕೆಂಪು ಸೂರ್ಯ, ಮುಂದೆ ಇವರಿಬ್ಬರು. ಚರ್ಮುರಿಯವ ಗಾಡಿ ಬಿಟ್ಟು ನೋಡ್ಲಿಕ್ಕೆ ಬಂದ. ಆಮೇಲೆ ಆ್ಯಂಕಲ್ ಹೋಲ್ಡ್, ಅಂದ್ರೆ ರೈಡರನ ಕಾಲಿನ ಗಂಟು ಹಿಡಿದು ಬೀಳಿಸುದು. ಹೊಯ್ಗೆ ಮೆತ್ತಗೆ ಉಂಟಲ್ಲ ಎಂತ ಆಗುದಿಲ್ಲ ಅಂತ ಒಂದು ಟೇಕ್, ನೀರು ಹಾರಿದ್ದು ಸಾಕಾಗ್ಲಿಲ್ಲ ಅಂತ ಇನ್ನೊಂದು, ಹಿಂದೆ ಯಾರದ್ದೋ ಐಸ್‌ಕ್ರೀಂ ಬಂತು ಅಂತ ಮತ್ತೊಂದು, ಒಂಬತ್ತನೇ ಟೇಕಿಗೆ ರೈಡರನ ಕಾಲು ಊದಿಕೊಂಡಿತು. ಪಂದ್ಯಾಟಕ್ಕೆ ಇನ್ನು ಆರು ದಿನ. ಹೆಡ್ ಬಂದು ಕಾಲು ನೋಡಿ, "ಇದನ್ನೂ ಶೂಟ್ ಮಾಡುವ, ಇಂಜುರಿ ಸ್ಟೋರಿ ಒಳ್ಳೆ ಓಡ್ತದೆ" ಅಂದ.

ಎಡಿಟಿಂಗಿಗೆ ಕೂತಾಗ ಹೊಸ ರಗಳೆ. ಒಂದು ರೈಡ್ ಅಂದ್ರೆ 30 ಸೆಕೆಂಡು. ಅಷ್ಟರಲ್ಲಿ ಉಸಿರು ಕಟ್ಟಿ ಮಧ್ಯದ ಗೆರೆಯಿಂದ 3.75 ಮೀಟರ್ ದೂರದ ಬಾಕ್ ಲೈನ್ ದಾಟಬೇಕು, ಆಚೆ ಒಂದು ಮೀಟರಿಗೆ ಬೋನಸ್ ಗೆರೆ, ಎದುರು ಏಳು ಜನ ಕೈ ಕೈ ಹಿಡಿದು ಕಾಯ್ತಾ ಇರ್ತಾರೆ, ಇದಕ್ಕಿಂತ ದೊಡ್ಡ ಸಸ್ಪೆನ್ಸ್ ಎಲ್ಲುಂಟು ಹೇಳಿ. ಹೆಡ್‌ಗೆ ಅದು ಲಾಂಗ್ ಆಯ್ತಂತೆ, ಜನ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುದಿಲ್ಲ, ಮೊದ್ಲೇ ಹುಕ್ ಬೇಕಂತೆ. ಇಪ್ಪತ್ತು ವರ್ಷ ಟೀಮನ್ನು ತಿದ್ದಿದ ಹಳೇ ಕೋಚ್ ಮೂಲೆಯಲ್ಲಿ ಕೂತಿದ್ರು, "ಹುಕ್ ಅಂದ್ರೆ ಕಾಲಿಗೆ ಹಾಕುದಾ?" ಅಂತ ಕೇಳಿದ್ರು ಪಾಪ. ಕೊನೆಗೆ ಟ್ರೆಂಡಿಂಗ್ ಆಡಿಯೋ ಹಾಕ್ಲಿಕ್ಕೆ ರೈಡರ್ "ಕಬಡ್ಡಿ ಕಬಡ್ಡಿ" ಹೇಳುವ ಸ್ವರವನ್ನು ಮ್ಯೂಟ್ ಮಾಡಿದ್ರು. ಅಂಕಣದಲ್ಲಿ ಆ ಸ್ವರ ನಿಂತ್ರೆ ರೈಡರ್ ಔಟ್. ಮೊಬೈಲಲ್ಲಿ ಅದು ಕೇಳಿದ್ರೆ ಜನ ಸ್ಕ್ರೋಲ್ ಮಾಡ್ತಾರಂತೆ.

ನಾನು ಸುಮ್ಮನಿರ್ಬೇಕಿತ್ತು, ಇರ್ಲಿಲ್ಲ. ನಮ್ಮ ಕಾರ್ಕಳದ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ಕಬಡ್ಡಿ ವಿಶ್ವಕಪ್ ಗೆದ್ದ ಭಾರತದ ಮಹಿಳಾ ಟೀಮಿನ ಕ್ಯಾಪ್ಟನ್, 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಯಾವ ಬೀಚಲ್ಲಿ ನಡೆದಿದ್ರು ಅಂತ ಕೇಳಿದೆ. ಯಾರೂ ಮಾತಾಡ್ಲಿಲ್ಲ. ವೈರಲ್ಲೇ ಬೇಕಾದ್ರೆ ಐಕಳ ಕಂಬಳ ನೆನಪು ಮಾಡಿ ಅಂದೆ, 2020ರ ಫೆಬ್ರವರಿಯಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಕೆಸರು ಗದ್ದೆಯನ್ನು 13.62 ಸೆಕೆಂಡಲ್ಲಿ ಓಡಿದ್ರು, ಯಾರೋ ಕೂತು 100 ಮೀಟರಿಗೆ ಲೆಕ್ಕ ಹಾಕಿ 9.55 ಅಂತ ತಂದು ಉಸೇನ್ ಬೋಲ್ಟನ 9.58ರ ಪಕ್ಕ ಇಟ್ರು, ದೇಶಕ್ಕೆ ದೇಶವೇ ನೋಡಿತು, ಕೇಂದ್ರದ ಕ್ರೀಡಾ ಸಚಿವರೇ ಟ್ರಯಲಿಗೆ ಕರೆದ್ರು, ಗೌಡರು ನನಗೆ ಕಂಬಳ ಉಂಟು ಅಂದ್ರು. ಆವಾಗ ನಮ್ಮಲ್ಲಿ ರೀಲ್ಸ್ ಅಂತ ಒಂದು ಹುಟ್ಟಿರ್ಲೇ ಇಲ್ಲ, ಅದು ಬಂದದ್ದು ಆ ವರ್ಷ ಜುಲೈಯಲ್ಲಿ. ಅವರ ಹಿಂದೆ ಯಾವ ಕಂಟೆಂಟ್ ಹೆಡ್ ಇದ್ದ?

ಹೆಡ್ ಗಂಭೀರವಾಗಿ ಕೇಳಿಸಿಕೊಂಡ. ನೋಟ್ ಮಾಡಿಕೊಂಡ ಕೂಡ. ಆಮೇಲೆ ನನ್ನನ್ನೇ ಕೇಳಿದ, "ಅಣ್ಣ, ಕೋಣ ಒಂದು ಜೋಡಿ ಬಾಡಿಗೆಗೆ ಸಿಗ್ತದಾ?"

ಪಂದ್ಯಾಟದ ದಿನ ನಮ್ಮ ಎಂಟ್ರಿ ನೋಡ್ಬೇಕಿತ್ತು. ಹೊಗೆ, ಕಲರ್ ಲೈಟ್, ಏಳು ಜನ ಕೈ ಕಟ್ಟಿ ನಿಧಾನಕ್ಕೆ ಬರುವುದು, ಸ್ಲೋ ಮೋಷನ್ನನ್ನು ಕ್ಯಾಮೆರಾ ಮಾಡ್ತದೆ ನೀವು ಬೇಗ ಬನ್ನಿ ಅಂತ ಅಂಪೈರ್ ಎರಡು ಸಲ ಹೇಳಿದ್ರು. ವೀಕ್ಷಕ ವಿವರಣೆಯವರ ಹತ್ರ ಹೇಳ್ಲಿಕ್ಕೆ ಎಂತದೂ ಉಳೀದೆ ಗೋಳಿಬಜೆ ಸ್ಟಾಲಿನ ಹೆಸರು ಮೂರು ಸಲ ಹೇಳಿದ್ರು. ಆಟ ಶುರುವಾಯ್ತು. ಪಾಯಿಂಟಿಲ್ಲದೆ ಎರಡು ಖಾಲಿ ರೈಡ್ ಆಗಿ ಮೂರನೆಯದ್ದು ಡು ಆರ್ ಡೈ, ಪಾಯಿಂಟ್ ತರದಿದ್ರೆ ರೈಡರ್ ಔಟ್, ನಮ್ಮ ರೈಡರ್ ಊದಿದ ಕಾಲಲ್ಲೇ ಒಳಗೆ ಹೋದ, ಚಂದ ಹೋದ, ಅಷ್ಟರಲ್ಲಿ ಮೂಲೆಯಲ್ಲಿ ಕ್ಯಾಮೆರಾ ಹಿಡಿದವ "ಅಣ್ಣಾ ಇಲ್ಲಿ" ಅಂದ. ಇವ ತಿರುಗಿದ, ಸಣ್ಣ ಸ್ಮೈಲ್ ಕೊಟ್ಟ, ಮತ್ತೆ ಹಾಗೇ ಹಿಂದಿನ ಗೆರೆ ತುಳಿದ. ಯಾರೂ ಮುಟ್ಟದೆ ಔಟ್. ಎಷ್ಟಕ್ಕೆ ಸೋತ್ರಿ ಅಂತ ಕೇಳ್ಬೇಡಿ, ನಮ್ಮದೇ ಪೇಜಿನ ಪೋಸ್ಟರಲ್ಲಿ ಸ್ಕೋರನ್ನು ಕ್ರಾಪ್ ಮಾಡಿದ್ದಾರೆ.

ಆ ಸ್ಮೈಲಿನ ವಿಡಿಯೋವನ್ನು ಎದುರಾಳಿ ಟೀಮಿನವರು ಹಾಕಿದ್ರು, ಅದು ಓಡಿದ ಹಾಗೆ ನಮ್ಮ ಯಾವ ರೈಡರೂ ಓಡಿಲ್ಲ. ಗಲ್ಫಿನಲ್ಲಿರುವ ನನ್ನ ಭಾವ ನನಗೇ ಕಳಿಸಿದ. ಅಧ್ಯಕ್ಷರಿಗೆ ಬೇಜಾರಾಗಿರ್ಬಹುದು ಅಂತ ಫೋನ್ ಮಾಡಿದೆ, ಅವರು ಭಾರಿ ಖುಷಿಯಲ್ಲಿದ್ರು. "ನಮ್ಮನ್ನು ಟ್ಯಾಗ್ ಮಾಡಿದ್ದಾರಲ್ಲ ಮಾರಾಯ್ರೆ!"

ಬರುವ ಭಾನುವಾರ ಮಲ್ಪೆಯಲ್ಲಿ ಶೂಟಿಂಗ್ ಅಂತ ಗ್ರೂಪಲ್ಲಿ ಮೆಸೇಜ್ ಬಂದಿದೆ, ಹೊಸ ಜೆರ್ಸಿ ಕಡ್ಡಾಯ. ಪ್ರಾಕ್ಟೀಸ್ ಯಾವಾಗ ಅಂತ ಕೆಳಗೆ ಕೇಳಿದ್ದೇನೆ. ಇಷ್ಟರವರೆಗೆ ಹದಿನಾಲ್ಕು ಹೆಬ್ಬೆರಳು ಬಂದಿದೆ, ದಿನ ಯಾರೂ ಹೇಳ್ಲಿಲ್ಲ.